‘ಸಂಸ್ಕಾರ’ದ ಸುತ್ತ ಮೂರು ವಿದ್ಯಾರ್ಥಿವೇತನಗಳು

ಮಲೆನಾಡಿನ ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ 1932ರಲ್ಲಿ ಜನಿಸಿದ ಯು.ಆರ್. ಅನಂತಮೂರ್ತಿಯವರು, 1959ರ ಆಕ್ಸ್‌ಫರ್ಡ್ ಶಿಕ್ಷಣ ಸಮ್ಮೇಳನದಲ್ಲಿ ರೂಪುಗೊಂಡ ಕಾಮನ್‌ವೆಲ್ತ್ ವಿದ್ಯಾರ್ಥಿವೇತನವನ್ನು ಪಡೆದು ಇಂಗ್ಲೆಂಡಿಗೆ ತೆರಳಿ, ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದಿಂದ 1966ರಲ್ಲಿ ಡಾಕ್ಟರೇಟ್ ಪದವಿಗೆ ಪಾತ್ರರಾದರು. 1965ರಲ್ಲಿ ಪ್ರಕಟವಾದ ಅವರ ‘ಸಂಸ್ಕಾರ’ ಕಾದಂಬರಿಯು ರಚಿತವಾದುದು ಆ ಪರದೇಶವಾಸದಲ್ಲಿಯೇ; ಬರ್ಗ್‌ಮನ್ನನ ‘ದಿ ಸೆವೆಂತ್ ಸೀಲ್’ ಚಿತ್ರವನ್ನು, ಅಡಿಬರಹದ ಆಸರೆಯೂ ಇಲ್ಲದೆ, ಗುರುಗಳಾದ ಮಾಲ್ಕಂ ಬ್ರಾಡ್‌ಬರಿಯವರೊಡನೆ ವೀಕ್ಷಿಸಿದುದು ಅದಕ್ಕೆ ಪ್ರೇರಕವಾಯಿತು.

ಯಾರು ಯಾವ ವೇತನ ಪಡೆದರೆಂಬಲ್ಲಿ ಪರೀಕ್ಷಾರ್ಥಿಗಳು ಪ್ರಾಯಶಃ ಎಡವುತ್ತಾರೆ: ಕೃತಿಯನ್ನು ಇಂಗ್ಲಿಷಿಗೆ ಅನುವಾದಿಸಿದ ಎ.ಕೆ. ರಾಮಾನುಜನ್ನರು 1959ರಲ್ಲಿ ಅಮೆರಿಕೆಯ ಇಂಡಿಯಾನಾ ವಿಶ್ವವಿದ್ಯಾನಿಲಯಕ್ಕೆ ಹೋದದ್ದು ಫುಲ್‌ಬ್ರೈಟ್ ವೇತನದಿಂದ. ಅದೇ ಕಾದಂಬರಿಯನ್ನು ಆಧರಿಸಿದ 1970ರ ಚಲಚ್ಚಿತ್ರದಲ್ಲಿ ಕಥಾನಾಯಕ ಪ್ರಾಣೇಶಾಚಾರ್ಯರ ಪಾತ್ರವಹಿಸಿದ ಗಿರೀಶ ಕಾರ್ನಾಡರು 1960ರಿಂದ 1963ರವರೆಗೆ ಆಕ್ಸ್‌ಫರ್ಡಿನಲ್ಲಿ ವ್ಯಾಸಂಗ ಮಾಡಿದ್ದು ರೋಡ್ಸ್ ವೇತನದಿಂದ.