ವೆನಿಲ್ಲಾ ಬೆಳೆದು ಗೆಲ್ಲಲು 8 ಸೂತ್ರಗಳು

ಊರಲ್ಲಿ ಅಡಿಕೆ ತೋಟ, ಬೆಂಗಳೂರಲ್ಲಿ ನೌಕರಿ. ‘ಎರಡೂ ನನ್ನಿಂದ ಆಗುತ್ತಾ?’ ಎಂದು ಕೇಳಿಕೊಳ್ಳುವ ಚಟ ಇದ್ದರೆ ಇವತ್ತೇ ಬಿಡಿ. ಐಸ್‌ಕ್ರೀಮಿಗೆ ಘಮ ಕೊಡುವ ವೆನಿಲ್ಲಾ ಮೆಕ್ಸಿಕೋ ಕಡೆಯ ಆರ್ಕಿಡ್. ನಮ್ಮ ಕಾಡಿನ ಸೀತಾಳೆಯ ಬಳಗದ್ದು. ಮಲೆನಾಡಿನ ತೋಟಕ್ಕೆ ಚೆನ್ನಾಗಿ ಒಗ್ಗುತ್ತದೆ. ನೌಕರಿಯ ಜೊತೆಗೆ ಅದನ್ನು ಬೆಳೆಯಲು ಬೇಕಾದದ್ದು ಟೈಮ್ ಮ್ಯಾನೇಜ್‌ಮೆಂಟ್.

1. ಮೊದಲು ಜಾಗ ಸಿದ್ಧಮಾಡಿ
ಅರ್ಧ ಬಿಸಿಲು, ಅರ್ಧ ನೆರಳು ಬೀಳುವ ಕಡೆ ಆರಿಸಿ. ಬಸಿಗಾಲುವೆ ಸರಿಪಡಿಸಿ. ಗ್ಲಿರಿಸಿಡಿಯಾ ಅಥವಾ ಹಾಲುವಾಣದ ಗೂಟ ಮೊದಲೇ ನೆಟ್ಟು ಚಿಗುರಿಸಿ. ಬಳ್ಳಿಗೆ ಆಸರೆಯೂ ನೆರಳೂ ಅದರಿಂದಲೇ ಸಿಗಬೇಕು.

2. ಉದ್ದದ ತುಂಡನ್ನೇ ನೆಡಿ
ರೋಗವಿಲ್ಲದ ಬಳ್ಳಿಯಿಂದ ಸುಮಾರು 1 ಮೀಟರ್ ತುಂಡು ತನ್ನಿ. ಬುಡದ 3–4 ಎಲೆ ತೆಗೆದು ಒಂದು ವಾರ ನೆರಳಲ್ಲಿಡಿ. ಕತ್ತರಿಸಿದ ಗಾಯ ಒಣಗಿದರೆ ಕೊಳೆಯುವುದು ಕಡಿಮೆ. ಜಡಿಮಳೆ ಇಳಿದ ಮೇಲೆ, ಆಗಸ್ಟ್–ಸೆಪ್ಟೆಂಬರಿನಲ್ಲಿ ನೆಡಿ. ಗಿಡ್ಡ ತುಂಡು ಅಗ್ಗಕ್ಕೆ ಸಿಗಬಹುದು, ಆದರೆ ಹೂ ಬಿಡಲು ಸತಾಯಿಸುತ್ತದೆ.

3. ಬುಡ ಅಗೆಯಬೇಡಿ
ಬೇರು ಮೇಲ್ಮಣ್ಣಿನಲ್ಲೇ ಹರಡಿರುತ್ತದೆ. ಗುದ್ದಲಿ ದೂರವಿಡಿ. ದರಗು, ಸೊಪ್ಪು, ಕಳಿತ ಗೊಬ್ಬರ ಮೇಲಿಂದ ಹೊದಿಸಿ. ತೇವ ಇರಲಿ, ನೀರು ನಿಲ್ಲದಿರಲಿ. ನೀರು ನಿಂತರೆ ಬೇರು ಕೊಳೆ ಬಂತೆಂದೇ ಲೆಕ್ಕ.

4. ಬಳ್ಳಿಯನ್ನು ಬಗ್ಗಿಸಿ
ಬಿಟ್ಟರೆ ಮರದ ತುದಿಗೆ ಏರುತ್ತದೆ, ಹೂ ನಿಮ್ಮ ಕೈಗೆ ಎಟಕುವುದಿಲ್ಲ. ಎದೆಮಟ್ಟಕ್ಕೆ ಬಂದಾಗ ಕೊಂಬೆಯ ಮೇಲಿಂದ ಕೆಳಕ್ಕೆ ಇಳಿಬಿಡಿ. ಹೂವಿನ ಕಾಲಕ್ಕೆ 6–8 ತಿಂಗಳು ಮೊದಲು ಕುಡಿ ಚಿವುಟಿ. ಓಟ ನಿಂತ ಬಳ್ಳಿ ಹೂವಿಗೆ ತಿರುಗುತ್ತದೆ.

5. ರಜೆ ಉಳಿಸಿಕೊಳ್ಳಿ
ಸಾಮಾನ್ಯವಾಗಿ ಮೂರನೇ ವರ್ಷ ಹೂ ಬರುತ್ತದೆ. ಬೆಳಗ್ಗೆ ಅರಳಿದ ಹೂ ಮಧ್ಯಾಹ್ನಕ್ಕೆ ಬಾಡುತ್ತದೆ, ಅಷ್ಟರೊಳಗೆ ಕೈಯಾರೆ ಪರಾಗಸ್ಪರ್ಶ ಮಾಡಿಸಬೇಕು. ಒಂದೊಂದು ಗೊಂಚಲಿನಲ್ಲಿ ದಿನಕ್ಕೆ ಒಂದೆರಡು ಹೂವಿನಂತೆ ವಾರಗಟ್ಟಲೆ ಅರಳುತ್ತಲೇ ಇರುತ್ತವೆ. ಬರೀ ವೀಕೆಂಡ್ ಸಾಲದು. ಅರ್ನ್ಡ್ ಲೀವ್ ಈ ದಿನಗಳಿಗೇ ಎತ್ತಿಡಿ. ಮನೆಯವರಿಗೂ ಕೆಲಸ ಕಲಿಸಿ.

6. ಕೈ ಪಳಗಿಸಿ
ಹೂವಿನ ಗಂಡು–ಹೆಣ್ಣು ಭಾಗಗಳ ನಡುವೆ ತೆಳು ಪೊರೆಯೊಂದು ಅಡ್ಡ ಇರುತ್ತದೆ. ಎಡಗೈಯಲ್ಲಿ ಹೂ ಹಿಡಿಯಿರಿ. ಮುಂದಿನ ಎಸಳನ್ನು ಕೆಳಕ್ಕೆ ಸರಿಸಿ. ಹಲ್ಲುಕಡ್ಡಿಯಿಂದ ಪೊರೆ ಮೇಲೆತ್ತಿ, ಹೆಬ್ಬೆರಳಿನಿಂದ ಪರಾಗವನ್ನು ಒತ್ತಿ. ಮುಗಿಯಿತು. 1841ರಲ್ಲಿ ರೀಯೂನಿಯನ್ ದ್ವೀಪದಲ್ಲಿ ಈ ಉಪಾಯ ತೋರಿಸಿಕೊಟ್ಟ ಎಡ್ಮಂಡ್ ಆಲ್ಬಿಯಸ್ 12 ವರ್ಷದ ಗುಲಾಮ ಹುಡುಗ. ಅವನಿಗೆ ಸಾಧ್ಯವಾಗಿದ್ದು ನಿಮಗೂ ಸಾಧ್ಯ. ಕೂಡಿದ ಹೂ ತೊಟ್ಟಿನಲ್ಲೇ ಉಳಿಯುತ್ತದೆ. ಕೂಡದ್ದು ಎರಡು–ಮೂರು ದಿನದಲ್ಲಿ ಉದುರುತ್ತದೆ. ರಿಸಲ್ಟ್ ಬೇಗ ಸಿಗುತ್ತದೆ, ತಪ್ಪಿದ್ದರೆ ತಿದ್ದಿಕೊಳ್ಳಿ.

7. ದುರಾಸೆ ಬಿಡಿ
ಗೊಂಚಲಿನಲ್ಲಿ 15–20 ಹೂ ಇರಬಹುದು. 8–10ಕ್ಕೆ ಮಾತ್ರ ಕೈ ಹಚ್ಚಿ. ಎಲ್ಲವನ್ನೂ ಕಾಯಿ ಮಾಡಿಸಿದರೆ ಬೀನ್ಸ್ ಸಣ್ಣದಾಗುತ್ತದೆ, ಬಳ್ಳಿ ಸೊರಗುತ್ತದೆ. ಮಾರುಕಟ್ಟೆಯಲ್ಲಿ ಕಾಸು ಗಿಟ್ಟುವುದು ಉದ್ದನೆಯ, ತುಂಬಿದ ಬೀನ್ಸ್‌ಗೆ.

8. ಕೊಯ್ಲಿಗೆ ಆತುರ ಬೇಡ, ಸಂಸ್ಕರಣೆ ಕಲಿಯಿರಿ
ಬೀನ್ಸ್ ಬಲಿಯಲು ಸುಮಾರು 9 ತಿಂಗಳು ಬೇಕು. ತುದಿ ಹಳದಿಗೆ ತಿರುಗಿದ ಮೇಲೆ ಕೊಯ್ಯಿರಿ. ಎಳೆಯದರಲ್ಲಿ ಘಮ ಇರುವುದಿಲ್ಲ. 63–65 ಡಿಗ್ರಿ ಬಿಸಿನೀರಿನಲ್ಲಿ 3 ನಿಮಿಷ ಅದ್ದಿ, ಕಂಬಳಿ ಸುತ್ತಿ ಬೆವರಿಸಿ. ಆಮೇಲೆ ದಿನಕ್ಕಿಷ್ಟು ಹೊತ್ತು ಬಿಸಿಲು, ಬಳಿಕ ನೆರಳು, ಕೊನೆಗೆ ಮುಚ್ಚಿದ ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ವಾಸ. ಸುಮಾರು 6 ಕಿಲೋ ಹಸಿ ಬೀನ್ಸ್‌ಗೆ 1 ಕಿಲೋ ಒಣಗಿದ್ದು ಸಿಗುತ್ತದೆ. ಹಸಿಯಾಗಿ ಮಾರಿದರೆ ಬೆಲೆ ಕೊಳ್ಳುವವನ ಕೈಯಲ್ಲಿ. ಒಣಗಿಸಿಟ್ಟರೆ ಕಾಯುವ ತಾಕತ್ತು ನಿಮ್ಮ ಕೈಯಲ್ಲಿ.

ಕೊನೆಯದಾಗಿ ಒಂದು ಮಾತು. 2003ರ ಆಸುಪಾಸಿನಲ್ಲಿ ಹಸಿ ಬೀನ್ಸ್ ಕಿಲೋಗೆ ಸಾವಿರಾರು ರೂಪಾಯಿ ಮುಟ್ಟಿತ್ತು. ಬಳ್ಳಿ ಕಳ್ಳತನಕ್ಕೆ ಹೆದರಿ ಜನ ರಾತ್ರಿ ತೋಟ ಕಾದರು. ಒಂದೆರಡು ವರ್ಷದಲ್ಲಿ ಬೆಲೆ ನೆಲಕಚ್ಚಿತು. ಸಾಲ ಮಾಡಿ ತೋಟವಿಡೀ ಹಬ್ಬಿಸಿದವರಿಗೆ ಪೆಟ್ಟು ಬಿತ್ತು. ಹಾಗಾಗಿ ಅಡಿಕೆ ಕಡಿಯಬೇಡಿ, ನೌಕರಿ ಬಿಡಬೇಡಿ. ಈ ವರ್ಷ 20 ಬಳ್ಳಿ ನೆಡಿ, ಕೆಲಸ ಕಲಿಯಿರಿ, ಆಮೇಲೆ ಹೆಚ್ಚಿಸಿ.