ಲೇಸರ್ ಬೆಳಕಿನಲ್ಲಿ ಎಲೆಕ್ಟ್ರಾನ್ ಬರೆಯುವ 8

ಪ್ರಶ್ನೆ: ಬೆಳಕಿಗೆ ವಿದ್ಯುದಾವೇಶವಿಲ್ಲ. ಹಾಗಿದ್ದೂ ಪ್ರಬಲ ಲೇಸರ್ ಕಿರಣ ಎಲೆಕ್ಟ್ರಾನಿನಂಥ ಕಣವನ್ನು ಹೇಗೆ ಅಲುಗಿಸುತ್ತದೆ? ಬೆಳಕು ಧ್ರುವೀಕೃತವಾಗಿದ್ದರೆ ವ್ಯತ್ಯಾಸವಾಗುತ್ತದೆಯೇ?

ಉತ್ತರ: ಬಹಳ ವ್ಯತ್ಯಾಸವಾಗುತ್ತದೆ. ಬೆಳಕಿಗೆ ಆವೇಶವಿಲ್ಲ ನಿಜ, ಆದರೆ ಅದು ವಿದ್ಯುತ್ ಮತ್ತು ಕಾಂತ ಕ್ಷೇತ್ರಗಳ ಅಲೆ. ವಿದ್ಯುತ್ ಕ್ಷೇತ್ರ ಒಂದೇ ಗೆರೆಯಲ್ಲಿ ತುಯ್ದಾಡಿದರೆ ರೇಖೀಯ ಧ್ರುವೀಕರಣ. ಗಡಿಯಾರದ ಮುಳ್ಳಿನಂತೆ ದಿಕ್ಕು ಸುತ್ತುತ್ತಿದ್ದರೆ ವೃತ್ತೀಯ ಧ್ರುವೀಕರಣ. ಎಲೆಕ್ಟ್ರಾನ್ ಮೊದಲನೆಯದರಲ್ಲಿ ಆ ಗೆರೆಯ ಗುಂಟ ಅತ್ತಿತ್ತ ಓಲಾಡುತ್ತದೆ, ಎರಡನೆಯದರಲ್ಲಿ ಸುತ್ತು ಹಾಕುತ್ತದೆ.

ಮಂದ ಬೆಳಕಿನಲ್ಲಿ ಇಷ್ಟೇ. ಕಾಂತಕ್ಷೇತ್ರ ಹಾಕುವ ಬಲ ಕಣದ ವೇಗಕ್ಕೆ ತಕ್ಕಂತೆ ಇರುವುದರಿಂದ, ನಿಧಾನವಾಗಿ ಓಲಾಡುವ ಎಲೆಕ್ಟ್ರಾನಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ಆದರೆ ಒಂದು ಮೈಕ್ರಾನ್ ಆಸುಪಾಸಿನ ತರಂಗಾಂತರದ ಲೇಸರಿನ ತೀವ್ರತೆಯನ್ನು ಚದರ ಸೆಂಟಿಮೀಟರಿಗೆ ಸುಮಾರು 10ರ 18ನೇ ಘಾತದಷ್ಟು ವಾಟ್‌ಗೆ ಏರಿಸಿ ನೋಡಿ. ವಾಯುಮಂಡಲದ ಹೊರಗಿನ ಬಿಸಿಲಿಗಿಂತ ಇದು ಸುಮಾರು ಒಂದು ಲಕ್ಷ ಕೋಟಿ ಕೋಟಿ ಪಟ್ಟು! (ಡೊನಾ ಸ್ಟ್ರಿಕ್‌ಲ್ಯಾಂಡ್ ಮತ್ತು ಜೆರಾರ್ ಮೂರೂ 1985ರಲ್ಲಿ ಕಂಡುಕೊಂಡ ಉಪಾಯದಿಂದ ಇದು ಪ್ರಯೋಗಾಲಯಗಳಿಗೆ ಎಟುಕಿತು: ಲೇಸರ್ ಸ್ಪಂದವನ್ನು ಹಿಗ್ಗಿಸಿ, ವರ್ಧಿಸಿ, ಮತ್ತೆ ಕುಗ್ಗಿಸುವುದು. 2018ರಲ್ಲಿ ಅದಕ್ಕೆ ನೊಬೆಲ್ ಬಂತು.) ಈ ತೀವ್ರತೆಯಲ್ಲಿ ಎಲೆಕ್ಟ್ರಾನಿನ ಓಲಾಟದ ವೇಗ ಬೆಳಕಿನ ವೇಗಕ್ಕೆ ಹತ್ತಿರವಾಗುತ್ತದೆ, ಕಾಂತಬಲವೂ ಎಚ್ಚರಗೊಂಡು ಕಣವನ್ನು ಕಿರಣ ಸಾಗುವ ದಿಕ್ಕಿಗೇ ನೂಕತೊಡಗುತ್ತದೆ.

ರೇಖೀಯ ಬೆಳಕಿನಲ್ಲಿ ಈ ಮುನ್ನುಗ್ಗುವಿಕೆ ಒಂದು ಆವರ್ತಕ್ಕೆ ಎರಡು ಸಲ ಏರಿ ಇಳಿಯುತ್ತದೆ. ಕಣದ ಸರಾಸರಿ ಮುನ್ನಡೆಯ ಜೊತೆಗೇ ಸಾಗುತ್ತ ನೋಡಬಲ್ಲವರಿಗೆ ಅದು 8ರ ಆಕಾರ ಬರೆಯುವುದು ಕಾಣಿಸುತ್ತದೆ. ಇದು ಬರಿಯ ಸಮೀಕರಣವಲ್ಲ. 8 ಬರೆಯುವ ಎಲೆಕ್ಟ್ರಾನ್ ಲೇಸರಿನ ಎರಡು ಪಟ್ಟು, ಮೂರು ಪಟ್ಟು ಆವರ್ತನದ ಬೆಳಕನ್ನೂ ಸೂಸಬೇಕು, ಅದೂ ನಿರ್ದಿಷ್ಟ ದಿಕ್ಕುಗಳಲ್ಲಿ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು 1998ರಲ್ಲಿ ಆ ಬೆಳಕನ್ನೇ ಹಿಡಿದು ತೋರಿಸಿದರು. ಇಷ್ಟು ಸಣ್ಣ ಕಣದ ನಡೆಯನ್ನು ಅದರ ಬೆಳಕಿನಿಂದ ಓದಿದ ಈ ಪ್ರಯೋಗ ನನಗೆ ಈ ಕ್ಷೇತ್ರದ ಅತ್ಯಂತ ಸೊಗಸಾದ ಕೆಲಸಗಳಲ್ಲಿ ಒಂದು.

ವೃತ್ತೀಯ ಬೆಳಕಿನಲ್ಲಿ ಕ್ಷೇತ್ರದ ದಿಕ್ಕು ಬದಲಾಗುತ್ತದೆ, ಪ್ರಮಾಣ ಬದಲಾಗುವುದಿಲ್ಲ. ಹಾಗಾಗಿ ಆ ಎರಡು ಸಲದ ಏರಿಳಿತವಿಲ್ಲ. ಕಣ ಸುರುಳಿಯಾಗಿ ಸಮನಾಗಿ ಮುಂದೆ ಸಾಗುತ್ತದೆ. ತೆಳುವಾದ ಲೋಹದ ಹಾಳೆಯ ಮೇಲೆ ಈ ಭೇದ ಢಾಳಾಗಿ ಕಾಣುತ್ತದೆ. ರೇಖೀಯ ಬೆಳಕು ಎಲೆಕ್ಟ್ರಾನ್‌ಗಳನ್ನು ಕುಲುಕಿ ಕಾಯಿಸಿ ಚೆದುರಿಸಿದರೆ, ನೇರವಾಗಿ ಬಿದ್ದ ವೃತ್ತೀಯ ಬೆಳಕು ಅವನ್ನು ಒಟ್ಟಾಗಿ ತಳ್ಳುತ್ತದೆ.

ಇನ್ನೊಂದು ಮಾತು. ಎಲ್ಲ ಕಡೆಯೂ ಸಮವಾಗಿರುವ ಅಲೆ ಹಾದುಹೋದರೆ ಎಲೆಕ್ಟ್ರಾನ್ ತುಸು ಮುಂದೆ ಸರಿದಿರುತ್ತದೆಯೇ ಹೊರತು ಶಕ್ತಿ ಗಳಿಸಿರುವುದಿಲ್ಲ, ಪಡೆದದ್ದನ್ನು ಹಿಂದಿರುಗಿಸಿರುತ್ತದೆ. ಕಿರಣವನ್ನು ಚುಕ್ಕೆಯಾಗಿ ಕೂಡಿಸಿದಾಗ ಮಾತ್ರ, ಪ್ರಖರ ನಡುವಿನಿಂದ ಮಂದ ಅಂಚಿಗೆ ನೂಕಲ್ಪಟ್ಟ ಎಲೆಕ್ಟ್ರಾನ್ ಒಂದಷ್ಟು ಶಕ್ತಿಯೊಡನೆ ಪಾರಾಗುತ್ತದೆ.

ಇದೆಲ್ಲ ಹಗುರವಾದ ಎಲೆಕ್ಟ್ರಾನಿನ ಮಾತಾಯಿತು. ಪ್ರೋಟಾನ್ ಅದಕ್ಕಿಂತ ಸುಮಾರು 1836 ಪಟ್ಟು ಭಾರ. ಪ್ರೋಟಾನನ್ನು ಬೆಳಕೇ ಹೀಗೆ ಕುಣಿಸಬೇಕಾದರೆ ತೀವ್ರತೆ ಇನ್ನೂ ಮೂವತ್ತು ಲಕ್ಷ ಪಟ್ಟಿಗೂ ಮೀರಿ ಏರಬೇಕು. ಇಂದಿನ ಪ್ರಯೋಗಗಳಲ್ಲಿ ಪ್ರೋಟಾನ್‌ಗಳು ಓಡುವುದು ಬೆಳಕಿನ ನೇರ ಬಲದಿಂದಲ್ಲ, ಮುಂದೆ ತಳ್ಳಲ್ಪಟ್ಟ ಎಲೆಕ್ಟ್ರಾನ್‌ಗಳ ಸೆಳೆತದಿಂದ.