ಮಂಡಿ ಬದಲಿಸುವ ಮುನ್ನ ಉಳಿಸುವ ದಾರಿ ನೋಡಿ

ಅಹಮದಾಬಾದಿನ ನವರಂಗಪುರದಲ್ಲಿ ನವರಾತ್ರಿ ಎಂದರೆ ಒಂಬತ್ತು ರಾತ್ರಿಯ ಗರ್ಬಾ. ಪಾದ ನೆಲಕ್ಕೂರಿದಾಗಲೇ ಮೈ ತಿರುಗಿದರೆ ಮಂಡಿಯೊಳಗಿನ ಮೆನಿಸ್ಕಸ್ ಎಂಬ ಮೆತ್ತೆ ಹರಿಯಬಹುದು, ಅದು ಮುಂದೆ ಮಂಡಿ ಸವೆತಕ್ಕೂ ದಾರಿಯಾಗಬಹುದು. ಅಲ್ಲಿನ ಕನ್ನಡಿಗರಿಗೂ ನಮ್ಮೂರಿನ ಕಬಡ್ಡಿ ಹುಡುಗರಿಗೂ ಹೇಳುವ ಮಾತು ಒಂದೇ: ಚಿಕ್ಕ ವಯಸ್ಸಿನಲ್ಲಿ ಮಂಡಿ ಬದಲಾವಣೆಗೆ ಅವಸರ ಬೇಡ. 2017ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ಬ್ರಿಟನ್ನಿನ ಅಧ್ಯಯನದಂತೆ, 50ರಿಂದ 54ರ ವಯಸ್ಸಿನಲ್ಲಿ ಮಂಡಿ ಬದಲಿಸಿಕೊಂಡ ಗಂಡಸರಲ್ಲಿ ಸುಮಾರು ಶೇ 35 ಮಂದಿಗೆ ಮುಂದೆ ಮರುಶಸ್ತ್ರಚಿಕಿತ್ಸೆ ಬೇಕಾಗಬಹುದು.

ಮಂಡಿ ಸಿಕ್ಕಿಕೊಂಡು ಕಾಲು ನೀಡಲಾಗದಿದ್ದರೆ ತಡಮಾಡದೆ ಮೂಳೆತಜ್ಞರನ್ನು ಕಾಣಿ. ಮೂಳೆ ತುದಿಯ ನುಣುಪು ಹೊದಿಕೆಯಾದ ಮೃದ್ವಸ್ಥಿ (ಕಾರ್ಟಿಲೇಜ್) ಸವೆದು ನೋವಾದರೆ ಮೊದಲು ತೂಕ ಇಳಿಸಿ, ಫಿಸಿಯೋಥೆರಪಿಯಿಂದ ತೊಡೆಯ ಸ್ನಾಯು ಬಲಪಡಿಸಿ.

ಮುಂದಿನದು ತಪಾಸಣೆ. ಎಂಆರ್‌ಐ ಒಂದೇ ಸಾಲದು. ನಿಂತುಕೊಂಡು, ಸೊಂಟದಿಂದ ಪಾದದ ಗಂಟಿನವರೆಗೆ ತೆಗೆಯುವ ಎಕ್ಸ್‌ರೇ ಕೇಳಿ; ಅದಕ್ಕೆ ಸ್ಕ್ಯಾನೋಗ್ರಾಂ ಎನ್ನುತ್ತಾರೆ. ಭಾರ ಮಂಡಿಯ ಯಾವ ಬದಿಗೆ ಬೀಳುತ್ತಿದೆ ಎಂಬುದು ಅದರಲ್ಲಿ ಕಾಣುತ್ತದೆ. ಬಿಲ್ಲುಗಾಲನ್ನು ಸರಿಪಡಿಸದೆ ಮೃದ್ವಸ್ಥಿಗಷ್ಟೇ ಚಿಕಿತ್ಸೆ ಮಾಡುವುದು, ವೀಲ್ ಅಲೈನ್‌ಮೆಂಟ್ ತಪ್ಪಿದ ಕಾರಿಗೆ ಹೊಸ ಟೈರ್ ಹಾಕಿದಂತೆ. ಸ್ಕ್ಯಾನೋಗ್ರಾಂ ಇಲ್ಲದೆ ಸವೆತಕ್ಕೆ ಶಸ್ತ್ರಚಿಕಿತ್ಸೆಯ ದಿನ ಗೊತ್ತುಮಾಡಿದರೆ ನಾನಂತೂ ಒಪ್ಪಲಾರೆ.

ಹರಿದ ಮೆನಿಸ್ಕಸ್ಸನ್ನು ಕತ್ತರಿಸಿ ತೆಗೆಯುವ ಮೊದಲು, ಹೊಲಿಯಲು ಬರುತ್ತದೆಯೇ ಎಂದು ಕೇಳಿ. ಹೊರಅಂಚಿಗೆ ರಕ್ತ ಹರಿಯುವುದರಿಂದ ಅಲ್ಲಿನ ಹರಕು ಕೂಡಿಕೊಳ್ಳುವ ಸಾಧ್ಯತೆ ಹೆಚ್ಚು. ತೆಗೆದಷ್ಟೂ ಮುಂದೆ ಸವೆತ ಹೆಚ್ಚುತ್ತದೆ. ಮೃದ್ವಸ್ಥಿಯಲ್ಲಿ ಚಿಕ್ಕ ಗುಳಿ ಬಿದ್ದಿದ್ದರೆ ನಿಮ್ಮದೇ ಮಂಡಿಯ ಭಾರ ಕಡಿಮೆ ಬೀಳುವ ಜಾಗದಿಂದ ಮೂಳೆ ಸಹಿತ ತುಣುಕು ತೆಗೆದು ಕೂರಿಸುತ್ತಾರೆ. ದೊಡ್ಡ ಗುಳಿಗೆ ಪ್ರಯೋಗಾಲಯದಲ್ಲಿ ಬೆಳೆಸಿದ ನಿಮ್ಮದೇ ಜೀವಕೋಶ ಹಾಕುವುದುಂಟು.

ಒಳಬದಿ ಮಾತ್ರ ಸವೆದ ಬಿಲ್ಲುಗಾಲಿಗೆ ಆಸ್ಟಿಯೋಟಮಿ ಇದೆ. ಮಂಡಿಯ ಕೆಳಗಿನ ಕಣಕಾಲ ಮೂಳೆಯನ್ನು ಕೊಯ್ದು, ತುಸು ತೆರೆದು, ಪ್ಲೇಟು-ಸ್ಕ್ರೂಗಳಿಂದ ಬಿಗಿದು ಭಾರವನ್ನು ಚೆನ್ನಾಗಿರುವ ಹೊರಬದಿಗೆ ಸರಿಸುತ್ತಾರೆ. ಕೆಲವು ವಾರ ಊರುಗೋಲು ಬೇಕು, ಮೂಳೆ ಕೂಡಲು ತಿಂಗಳುಗಳೇ ಬೇಕು. ಧೂಮಪಾನ ಬಿಡಲೇಬೇಕು, ಅದು ಮೂಳೆ ಕೂಡುವುದನ್ನು ತಡಮಾಡುತ್ತದೆ. ಹಲವರಿಗೆ ಇದರಿಂದ ಮಂಡಿ ಬದಲಾವಣೆ ಹತ್ತು ವರ್ಷಕ್ಕೂ ಹೆಚ್ಚು ಮುಂದೆ ಹೋಗುತ್ತದೆ. ರುಮಟಾಯ್ಡ್ ಸಂಧಿವಾತ ಇರುವವರಿಗೆ, ಮಂಡಿಯೆಲ್ಲ ಸವೆದವರಿಗೆ ಇದು ಹೊಂದದು.

ಕೊನೆಗೆ ಎರಡನೇ ಅಭಿಪ್ರಾಯ. ಅಹಮದಾಬಾದಿನ ಅಸಾರ್ವಾದಲ್ಲಿ ಸರ್ಕಾರಿ ಸಿವಿಲ್ ಆಸ್ಪತ್ರೆ, ಬೆಂಗಳೂರಿನಲ್ಲಿ ಸಂಜಯ್ ಗಾಂಧಿ ಆಸ್ಪತ್ರೆ ಇವೆ. ಆಸ್ಟಿಯೋಟಮಿಯನ್ನು ವರ್ಷಕ್ಕೆ ಎಷ್ಟು ಮಾಡುತ್ತೀರಿ, ಪ್ಲೇಟ್ ತೆಗೆಸಬೇಕಾದೀತೇ, ಫಿಸಿಯೋಥೆರಪಿಯ ಖರ್ಚು ವಿಮೆಯಲ್ಲಿ ಸೇರಿದೆಯೇ ಎಂದು ಬರೆದುಕೊಂಡು ಹೋಗಿ ಕೇಳಿ. ವರದಿಯ ಹಾಳೆಯ ಜತೆಗೆ ಎಕ್ಸ್‌ರೇ ಫಿಲ್ಮ್, ಎಂಆರ್‌ಐ ಸಿ.ಡಿ. ಕೂಡ ಒಯ್ಯಿರಿ.